ಆಪರೇಷನ್ ದಿನದ ಪಂಚಾಮೃತ

ತೆಲುಗು ಸೀಮೆಯ ಗಚ್ಚಿಬೌಲಿಯಲ್ಲಿ ಒಂದರ ಹಿಂದೊಂದು ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳವು. ನಮ್ಮ ಮನೆಯವರು ಅಲ್ಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದರು. ನನ್ನ ಉದ್ಯೋಗ ಮನೆ, ಅಡುಗೆ, ದೇವರು.

ಮೊದಲು ಅವರಿಗೆ ಬೆನ್ನುನೋವು ಬಂತು. ಆಫೀಸಿನ ಕುರ್ಚಿಯನ್ನು ಬೈದು ಸುಮ್ಮನಾದೆವು. ಒಂದು ಸಂಜೆ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೆಯೇ ಕಳಚಿಬಿದ್ದಿತ್ತು. ಅವರು ಅದರ ಅರಿವೇ ಇಲ್ಲದೆ ಒಳಗೆ ಬಂದರು. ಮರುದಿನವೇ ಆಸ್ಪತ್ರೆಗೆ ಹೋದೆವು.

ಎಂಆರ್‌ಐನಲ್ಲಿ ಕಂಡದ್ದು ಹೆಮಾಂಜಿಯೋಮಾ: ಬೆನ್ನೆಲುಬಿನ ಮಣಿಯೊಳಗೆ ರಕ್ತನಾಳಗಳೇ ಹೆಣೆದುಕೊಂಡ ಗಡ್ಡೆ. ಹಲವರಲ್ಲಿ ಅದು ಸುಮ್ಮನಿರುತ್ತದಂತೆ. ಅಪರೂಪಕ್ಕೆ ಬೆಳೆದು ಬೆನ್ನುಹುರಿಯನ್ನು ಒತ್ತುತ್ತದಂತೆ. ಕ್ಯಾನ್ಸರ್ ಅಲ್ಲ ಎಂದರು. ರಾಯರ ಮೊದಲ ಕೃಪೆ ಎಂದುಕೊಂಡೆ.

ಸರ್ಜನ್ ರಾಯಚೂರು ಕಡೆಯವರು. "ಹಂಗ ಕೊಯ್ದರ ರಕ್ತ ನಿಲ್ಲಂಗಿಲ್ರಿ. ಮೊದಲ ಅದಕ್ಕ ರಕ್ತ ಒಯ್ಯೋ ನಾಳ ಮುಚ್ಚತೀವಿ, ಮರುದಿನಾನ ಆಪರೇಷನ್. ಭಾಳ ತಡ ಆದ್ರ ರಕ್ತ ಬ್ಯಾರೆ ದಾರಿ ಹುಡಕತೈತಿ."

ನಾಳ ಮುಚ್ಚುವ ಕೆಲಸ ಸುಸೂತ್ರವಾಗಿ ಮುಗಿಯಿತು. ಆದರೆ ಅಷ್ಟರಲ್ಲಿ ಎರಡೂ ಕಾಲು ಸೋತಿದ್ದವು. ಮರುದಿನ ಬಾಯಿಗೆ ಏನೂ ಹಾಕಬಾರದೆಂದು ನರ್ಸ್ ಎರಡು ಸಲ ಹೇಳಿದ್ದಳು. ನಾನು ಕಾಫಿ ಕೊಡಲಿಲ್ಲ, ನೀರೂ ಕೊಡಲಿಲ್ಲ. ಬೆಳಿಗ್ಗೆ ರಾಯರ ಮಠದಿಂದ ತಂದ ಪಂಚಾಮೃತ ಮಾತ್ರ ಒಂದು ಪುಟ್ಟ ಬಟ್ಟಲು ಕುಡಿಸಿದೆ. ದೇವರದು ಹೊಟ್ಟೆಯ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ನಮ್ಮ ಮನೆಯ ರೂಢಿ.

ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆಯ ಡಾಕ್ಟರಮ್ಮ, ಏನಾದರೂ ಸೇವಿಸಿದ್ದೀರಾ ಎಂದು ತೆಲುಗಿನಲ್ಲಿ ಕೇಳಿದರು. ನಮ್ಮ ಮನೆಯವರು ಇಲ್ಲವೆಂದರು.

"ಪಂಚಾಮೃತ ಕೊಟ್ಟೀನಲ್ರಿ..." ಎಂದು ಇವರ ಕಿವಿಯಲ್ಲಿ ಪಿಸುಗುಟ್ಟಿದೆ.

"ಅದೇನ್ ಇಡ್ಲಿ ಏನ? ಸುಮ್ನಿರ. ಇವತ್ತ ತಪ್ಪಿದ್ರ ನನ್ನ ಕಾಲ ಹ್ವಾದಂಗ!"

ಹೇಳಿದರೆ ಕಾಲು ಹೋದೀತು, ಹೇಳದಿದ್ದರೆ ಏನಾದೀತೋ ಗೊತ್ತಿಲ್ಲ. ಆದರೂ ಡಾಕ್ಟರಮ್ಮನಿಗೆ ಹೇಳಿದೆ.

ಡಾಕ್ಟರಮ್ಮ ಸ್ಟ್ರೆಚರ್ ಹಿಂದಕ್ಕೆ ತಿರುಗಿಸಿದರು. ಅರಿವಳಿಕೆಯಲ್ಲಿ ಪಂಚಾಮೃತದ ಹಾಲು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವವೇ ಹೋಗಬಹುದಂತೆ. ಆರು ತಾಸು ಕಾಯಬೇಕೆಂದರು.

"ನಿನ್ನ ದೇವರು ನನ್ನ ಕಾಲ ನುಂಗಿದ ನೋಡ," ಎಂದು ಇವರು ಗೋಡೆಗೆ ಮುಖ ಮಾಡಿದರು. ಅಂದು ನನ್ನ ನಾಲಿಗೆಗೆ ಒಂದು ಸ್ತೋತ್ರವೂ ಬರಲಿಲ್ಲ. ಅವರ ಕಾಲ್ಬೆರಳುಗಳನ್ನೇ ನೋಡುತ್ತ ಕುಳಿತೆ.

ಮಧ್ಯಾಹ್ನ ಸರ್ಜನ್ ಬಂದರು. "ಇನ್ನೂ ವ್ಯಾಳ್ಯಾ ಮೀರಿಲ್ರಿ, ಈಗ ಒಳಗ ಒಯ್ತೀವಿ. ನೀವು ಹೇಳಿದ್ದು ಛಲೋ ಆತ್ರಿ, ತಾಯಿ."

ಆಪರೇಷನ್ ಆದ ಮೂರನೆಯ ದಿನ ಎಡಗಾಲಿನ ಹೆಬ್ಬೆರಳು ಅಲುಗಿತು. ಕೆಲವು ತಿಂಗಳಲ್ಲಿ ಅವರು ನಡೆದರು; ಎಡ ಚಪ್ಪಲಿಗೆ ಮಾತ್ರ, ಕಳಚದಂತೆ, ಹಿಂದೊಂದು ಪಟ್ಟಿ ಹೊಲಿಸಬೇಕಾಯಿತು.

ಮನೆಯಲ್ಲಿ ಯಾರ ಬಾಯಿಗೆ ಏನು ಹೋಯಿತೆಂದು ತಿಳಿದಿರುವುದು ನನ್ನ ಉದ್ಯೋಗ. ಕೇಳಿದವರಿಗೆ ಅದನ್ನು, ಹೆದರಿಕೊಂಡಾದರೂ, ಹೇಳುವುದೂ ಅದರೊಳಗೇ ಬರುತ್ತದೆಂದು ಆ ಬಾಗಿಲಲ್ಲಿ ಕಲಿತೆ.