ಕಾಫಿ ಮೂಟೆಯ ಮೇಲೆ ಹೊಟ್ಟೆಕಿಚ್ಚು

ಮೂರ್ನಾಡು ಪೇಟೆಯಲ್ಲಿ ನನ್ನ ಕಣ್ಣೆದುರೇ ಕಾಫಿ ಮೂಟೆಯೊಂದು ಸಲೀಸಾಗಿ ಫುಟ್‌ಪಾತ್ ಹತ್ತಿಬಿಟ್ಟಿತು. ಕಾಫಿ ವ್ಯಾಪಾರಿಯ ಅಂಗಡಿ ಮುಂದೆ ಫುಟ್‌ಪಾತಿನಿಂದ ರಸ್ತೆಗೆ ಅಗಲವಾದ ಹಲಗೆ ಇಳಿಬಿಟ್ಟಿದ್ದರು. ಕೈಗಾಡಿಯಲ್ಲಿ ಮೂಟೆಗಳು ಒಂದರ ಹಿಂದೊಂದು ಅದರ ಮೇಲೆ ಏರಿ ಹೋಗುತ್ತಿದ್ದವು. ಪಕ್ಕದ ಬ್ಯಾಂಕಿಗೆ ಹೋಗಬೇಕಿದ್ದ ನಾನು ಮಾತ್ರ ಗಾಲಿಕುರ್ಚಿಯಲ್ಲಿ ಕೆಳಗೇ ಕಾಯುತ್ತಿದ್ದೆ. ಗೇಣೆತ್ತರದ ಆ ಫುಟ್‌ಪಾತಿಗೆ ಪ್ರತಿ ಸಲವೂ ಅಪರಿಚಿತರು ಯಾರಾದರೂ ನನ್ನನ್ನು ಕುರ್ಚಿ ಸಮೇತ ಎತ್ತಿಡಬೇಕು. ಆಗ ಪೇಟೆಯೆಲ್ಲ ನನ್ನನ್ನೇ ನೋಡುತ್ತದೆ.

ಮೂಟೆಗಳನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಕಾಲೇಜಿನಲ್ಲಿ ಓಡುವವರನ್ನು, ಕುಣಿಯುವವರನ್ನು ಕಂಡಾಗಲೂ ಇಷ್ಟು ಉರಿದಿರಲಿಲ್ಲ.

ಗಾಡಿ ತಳ್ಳುತ್ತಿದ್ದವರು ನನ್ನನ್ನು ನೋಡಿ ಕೈ ಒರೆಸಿಕೊಂಡು ಬಂದರು. "ಒಂದ್ನಿಮಿಷ ಅಕ್ಕ, ಎತ್ತಿಬಿಡ್ತೀನಿ. ನಮ್ ಮೂಟೆ ಮುಂದೆ ನೀವು ಯಾವ ಭಾರ!"

"ಎತ್ತೋದು ಬೇಡ ಅಣ್ಣ. ಮೂಟೆ ಹೋದ ದಾರೀಲೇ ನಾನೂ ಹೋಗ್ತೀನಿ," ಎಂದೆ.

ಅವರು ಒಮ್ಮೆ ಹಲಗೆಯನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಕೈಗಾಡಿಯನ್ನು ಬದಿಗೆಳೆದು, ಹಲಗೆ ಜಾರದಂತೆ ಅದರ ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದರು. ನಾನೇ ಚಕ್ರ ತಿರುಗಿಸಿಕೊಂಡು ಮೇಲೆ ಹೋದೆ. ಯಾರೂ ತಿರುಗಿ ನೋಡಲಿಲ್ಲ.

ಕಾಫಿ ಬರುವುದು ನಿಂತ ಮೇಲೆ ಅಂಗಡಿಯವರು ಹಲಗೆ ಒಳಗಿಡುತ್ತಾರೆ. ಹಾಗಾಗಿ ಬ್ಯಾಂಕಿನ ಕೆಲಸಗಳನ್ನು ಈಗ ಆದಷ್ಟೂ ಕಾಫಿ ಬರುವ ತಿಂಗಳುಗಳಿಗೇ ಇಟ್ಟುಕೊಳ್ಳುತ್ತೇನೆ. ನಮಗೆ ಒಂದು ಕಾಫಿ ಗಿಡವೂ ಇಲ್ಲ. ಆದರೂ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಯಾವಾಗ ಶುರುವಾಗುತ್ತದೆಂದು ತೋಟದವರಿಗಿಂತ ಮೊದಲು ವಿಚಾರಿಸುವವಳು ನಾನೇ.