ಊರನ್ನೇ ನಿಲ್ಲಿಸಿ ಓದಿಸಿದ ನರಸಮ್ಮ

ನರಸಮ್ಮನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆದರೆ ಶಿಡ್ಲಘಟ್ಟದ ಕಡೆಯ ನಮ್ಮೂರಿನಲ್ಲಿ ಆಕೆಯಷ್ಟು ಜನರಿಂದ ಓದಿಸಿದವರು ಇನ್ನೊಬ್ಬರಿಲ್ಲ. ಹೈಸ್ಕೂಲಿನ ಕನ್ನಡ ಮೇಷ್ಟ್ರಾದ ನಾನೂ ಅಷ್ಟು ಓದಿಸಿಲ್ಲ. ಕಂಕುಳಲ್ಲಿ ಬಿದಿರಿನ ಹಲಗೆಯಂಥದೊಂದು, ಪಕ್ಕದಲ್ಲಿ ಮೊಮ್ಮಗಳು ಅಂಬಿಕಾ. ಎದುರು ಸಿಕ್ಕವರನ್ನು ಅಡ್ಡಗಟ್ಟಿ, "ಏಮಯ್ಯಾ, ನಿಂತ್ಕೋ. ನಮ್ ಹುಡ್ಗಿ ಏನೋ ಹೇಳ್ತಾವ್ಳೆ, ಓದು" ಎನ್ನುವುದು ಆಕೆಯ ವಾಡಿಕೆ. ಚಿಂತಾಮಣಿ ಬಸ್ಸಿನ ಕಂಡಕ್ಟರ್ ಸೀಟಿ ಊದದೆ ನಿಂತು ಓದಿದ್ದನ್ನು ನಾನೇ ಕಂಡಿದ್ದೇನೆ.

ಅಂಬಿಕಾ ತಂದೆತಾಯಿ ಇಲ್ಲದ ಹುಡುಗಿ, ಬಾಯಲ್ಲಿ ಮಾತಿಲ್ಲ. ಡಾಕ್ಟರು ಆಟಿಸಂ ಎಂದರು. ಊರಿನವರು ಪೆದ್ದಿ ಎಂದರು. ರೇಷ್ಮೆಹುಳ ಸಾಕುವ ನರಸಮ್ಮ ಇಬ್ಬರ ಮಾತಿಗೂ ಸೊಪ್ಪು ಹಾಕಲಿಲ್ಲ. ಹುಳ ಗೂಡು ಕಟ್ಟುವ ಹಳೆಯ ಚಂದ್ರಿಕೆಯೊಂದನ್ನು ಮೊರದಗಲಕ್ಕೆ ಕತ್ತರಿಸಿದಳು. ಅಂಗನವಾಡಿ ಟೀಚರ್ ಕೈಲಿ ರಟ್ಟಿನ ಚೂರುಗಳ ಮೇಲೆ ಅಕ್ಷರ, ಕಾಗುಣಿತ ಎಲ್ಲ ಬರೆಸಿ, ಬಿದಿರುಪಟ್ಟಿಯ ಸಾಲುಗಳ ನಡುವೆ ಸಿಕ್ಕಿಸಿದಳು. ಆ ಟೀಚರ್ ಹತ್ತಿರವೇ ಅಕ್ಷರ ಕಲಿತ ಅಂಬಿಕಾ ಒಂದೊಂದರ ಮೇಲೂ ಬೆರಳಿಟ್ಟು ಮಾತು ಕಟ್ಟುತ್ತಾಳೆ. ನಡುನಡುವೆ ತೂಗಾಡುತ್ತಾಳೆ, ಗುನುಗುತ್ತಾಳೆ, ಕೈ ಕೊಡವುತ್ತಾಳೆ, ಮತ್ತೆ ಬೆರಳಿಡುತ್ತಾಳೆ. ಆತುರಗಾರರಿಗೆ ಆಗುವ ಕೆಲಸವಲ್ಲ ಅದು.

ನರಸಮ್ಮನ ಮೊದಲ ಜಗಳ ನನ್ನೊಂದಿಗೇ ನಡೆಯಿತು. ಎಂಟನೇ ತರಗತಿಗೆ ಸೇರಿದ ಅಂಬಿಕಾ ದಿನವೂ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದಳು. ನಾನು ಹೆಸರು ಕೂಗುತ್ತಿದ್ದೆ. "ಹಾಜರ್ ಸಾರ್" ಎಂಬ ದನಿ ಬಾರದಿದ್ದರೆ ತಲೆಯೆತ್ತದೆ ಗೈರುಹಾಜರಿ ಹಾಕುತ್ತಿದ್ದೆ. ತಿಂಗಳು ಕಳೆದ ಮೇಲೆ ಹಾಜರಾತಿ ಸಾಲದೆಂದು ಮನೆಗೆ ನೋಟಿಸು ಹೋಯಿತು. ಅದನ್ನು ಯಾರ ಕೈಲೋ ಓದಿಸಿಕೊಂಡು ನರಸಮ್ಮ ನೇರವಾಗಿ ನನ್ನ ಪಾಠದ ನಡುವೆಯೇ ಬಂದು ನಿಂತಳು.

"ಕಣ್ಮುಂದೆ ಕುಂತಿರೋ ಮಗೂನ ಬಂದಿಲ್ಲ ಅಂತ ಬರ್ಕೊಂಡ್ರಲ್ಲ ಮೇಷ್ಟ್ರೇ, ನಿಮ್ ಹಾಜರಿ ಯಾರು ಹಾಕ್ತಾರೆ?"

ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ನಾಚಿಕೆಯಾಯಿತು, ತಪ್ಪು ನನ್ನದೇ ಆದ್ದರಿಂದ ಸಿಟ್ಟೂ ಬಂತು. ಮರುದಿನದಿಂದ ತಲೆಯೆತ್ತಿ ನೋಡಿ ಹಾಜರಿ ಹಾಕಲು ಕಲಿತೆ.

ಮುಂದಿನ ವರ್ಷ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಇಂಥ ಹುಡುಗಿಯ ಹೆಸರು ತೆಗೆಯಿರಿ, ಮನೆಯಲ್ಲೇ ಏನಾದರೂ ಕಲಿಸಲಿ ಎಂದರು. ಹೆಸರು ಹೋದರೆ ಅಂಬಿಕಾಳ ಓದು ಅಲ್ಲಿಗೇ ನಿಂತಂತೆ. ಅವರು ಅವಳ ಕಿವಿಯ ಹತ್ತಿರ ಬಾಗಿ, "ನಿನ್ ಹೆಸರೇನಮ್ಮಾ? ಹೆಸರು, ಹೆಸರು!" ಎಂದು ಕೂಗಿದರು. ಹುಡುಗಿ ಕಿವಿ ಮುಚ್ಚಿಕೊಂಡು ತೂಗಾಡತೊಡಗಿದಳು. ಅವರು ಪೆನ್ನು ತೆಗೆದರು. ಸುದ್ದಿ ಕೇಳಿ ಬಂದಿದ್ದ ನರಸಮ್ಮ ಅವರ ಮುಂದಿನ ಕಾಗದದ ಮೇಲೇ ಚಂದ್ರಿಕೆ ಇಟ್ಟಳು.

"ಹುಳ ಗೂಡು ಕಟ್ಟಕ್ಕೆ ಮೂರು ದಿನ ಕಾಯ್ತೀವಿ ಸ್ವಾಮಿ. ಮನುಷ್ಯರ ಮಗೀಗೆ ಮೂರು ನಿಮಿಷ ಕೂರಕ್ಕಾಗಲ್ವಾ?"

"ನೀನೇ ಹೇಳಿಕೊಟ್ಟು ಮಾಡಿಸ್ತೀಯ" ಎಂದರು ಅಧಿಕಾರಿ.

"ನಂಗೆ ಅಕ್ಷರವೇ ಬರಲ್ಲ, ಏನು ಹೇಳ್ಕೊಡ್ಲಿ? ಇರಿ, ಆಚೆ ಹೋಗ್ತೀನಿ" ಎಂದು ಆಕೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಮಗೆ ಬೆನ್ನು ಮಾಡಿ ಕೂತಳು.

ಅಂಬಿಕಾ ಗುನುಗಿದಳು. ಕೈ ಕೊಡವಿದಳು. ಬಹಳ ಹೊತ್ತಾದ ಮೇಲೆ ಬೆರಳು ಇಳಿಯಿತು. 'ಕಿರುಚಬೇಡಿ. ಕೇಳಿಸುತ್ತೆ.' ಗಟ್ಟಿಯಾಗಿ ಓದಿದವನು ನಾನು. ಅಷ್ಟು ಸಂತೋಷದಿಂದ ನಾನು ಯಾವ ಪಾಠವನ್ನೂ ಓದಿರಲಿಲ್ಲ. ಹೆಸರು ಉಳಿಯಿತು, ಎರಡು ವರ್ಷದಲ್ಲಿ ಅವಳು ಹತ್ತನೇ ತರಗತಿಯನ್ನೂ ಪಾಸು ಮಾಡಿದಳು.

ಒಮ್ಮೆ ನನಗೆ ಅಯ್ಯೋ ಅನಿಸಿ ನರಸಮ್ಮನಿಗೆ ಅಕ್ಷರ ಕಲಿಸುವುದಾಗಿ ಹೇಳಿದೆ. ಮೊಮ್ಮಗಳ ಮಾತಿಗಾಗಿ ಯಾರ್‍ಯಾರನ್ನೋ ಗೋಗರೆಯುವುದು ತಪ್ಪುತ್ತದಲ್ಲ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಾನೆಲ್ಲಿ ಗೋಗರೀತೀನಿ ಮೇಷ್ಟ್ರೇ? ನಾ ಕಲ್ತ್ರೆ ನಾನೊಬ್ಳೇ ಓದ್ತೀನಿ. ನೀವ್ಯಾರೂ ನಿಲ್ಲಲ್ಲ. ಅಜ್ಜಿ ಅವ್ಳೆ, ನೋಡ್ಕೊಂತಾಳೆ ಅಂತ ಹೊಂಟೋಗ್ತೀರ. ನಾ ಸತ್ಮೇಲೆ ಈ ಮಗಿ ಯಾರ್ ತಾವ ಮಾತಾಡ್ಬೇಕು?"

ಬೇಕೆಂದೇ ಕಲಿಯದೆ ಉಳಿದವಳನ್ನು ನಾನು ಪಾಪದ ಮುದುಕಿ ಎಂದುಕೊಂಡಿದ್ದೆ. ಬಿ.ಎಡ್. ಮಾಡಿದ ತಲೆ ನನ್ನದು.

ಹೋದ ವರ್ಷ ನರಸಮ್ಮ ತೀರಿಕೊಂಡಳು. ಹಾಲುತುಪ್ಪದ ದಿನ ಮನೆಯ ಮುಂದೆ ಜನ ಕೂತು, ಆಕೆಯ ಬಾಯಿ ಎಷ್ಟು ಜೋರು ಎಂದು ನೆನೆಸಿಕೊಂಡು ನಗುತ್ತಲೂ ಅಳುತ್ತಲೂ ಇದ್ದರು. ಊಟವಾದ ಮೇಲೆ ಆಕೆಯ ಕಿರಿಮಗ, ಗೌರಿಬಿದನೂರಿನಲ್ಲಿ ಅಂಗಡಿ ಇಟ್ಟವನು, ಅಂಬಿಕಾಳ ಎದುರಿಗೇ, "ಈ ಹುಡುಗೀನ ಯಾವ್ದಾದ್ರೂ ಆಶ್ರಮದಲ್ಲಿ ಬಿಡಣ. ಎಲ್ಲಿದ್ರೂ ಒಂದೇ, ಏನು ಗೊತ್ತಾಗುತ್ತೆ?" ಎಂದ. ಹಿರಿಯರು ತಲೆಯಾಡಿಸಿದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅಂಬಿಕಾ ಎದ್ದು ಬಂದು ಚಂದ್ರಿಕೆಯನ್ನು ಚಿಕ್ಕಪ್ಪನ ತೊಡೆಯ ಮೇಲೆ ಇಟ್ಟಳು. ನಾನು ಬಾಯಿ ಮುಚ್ಚಿದೆ. ಅವಳು ತೋರಿಸುತ್ತಾ ಹೋದಳು, ಅವನು ತಡವರಿಸಿ ಓದುತ್ತಾ ಹೋದ.

"ನಾನು... ಎಲ್ಲಿಗೂ... ಹೋಗಲ್ಲ."

"ಸರಿ, ಆಯ್ತಮ್ಮ, ನೋಡಣ" ಎಂದು ಅವನು ಚಂದ್ರಿಕೆಯನ್ನು ಪಕ್ಕಕ್ಕಿಟ್ಟು ಏಳಹೋದ. ಕೆಲವರು ಚಪ್ಪಲಿ ಹುಡುಕತೊಡಗಿದರು. ಅಂಬಿಕಾ ಅದನ್ನೆತ್ತಿ ಮತ್ತೆ ಅವನ ತೊಡೆಗೇರಿಸಿ, ಬೆರಳಿಟ್ಟಳು.

"ಕೂತ್ಕೊಳ್ಳಿ" ಎಂದು ಓದಿದ ಅವನು. "ಅಜ್ಜಿ ಬಗ್ಗೆ ನಾನಿನ್ನೂ ಹೇಳಿಲ್ಲ."

ಅವನು ಕೂತ. ಎದ್ದು ನಿಂತಿದ್ದವರೆಲ್ಲ ಕೂತರು.