ಸುರಂಗ ದಾಟಿದ ಮೇಲೆ ಎರಡನೇ ಗುಡಿಸಲು

ಮಾಳಶೇಜ್ ಘಾಟಿಯಲ್ಲಿ ಎಲ್ಲಿ ಏನು ತಿನ್ನಬೇಕು ಎಂದು ವಸಂತಣ್ಣನನ್ನು ಕೇಳದೆ ಕಲ್ಯಾಣದ ಒಂದು ವಾಹನವೂ ಘಾಟಿ ಹತ್ತುತ್ತಿರಲಿಲ್ಲ ಎಂದರೆ ಅದು ಸ್ವಲ್ಪ ಉತ್ಪ್ರೇಕ್ಷೆ. ಆದರೆ ಸ್ವಲ್ಪವೇ. ಶಹಾಡ್‌ನಲ್ಲಿ ಸೇತುವೆ ಇಳಿದ ಕೂಡಲೇ, ಮುರಬಾಡ ರಸ್ತೆಯ ಎಡಕ್ಕೆ, ಅವರು ಮ್ಯಾನೇಜರ್ ಆಗಿದ್ದ ಉಡುಪಿ ಹೋಟೆಲಿತ್ತು. ಮಳೆಗಾಲದ ಭಾನುವಾರಗಳಲ್ಲಿ ಠಾಣೆ, ಡೊಂಬಿವಲಿ, ವಾಶಿಯ ಜನ ಜಲಪಾತ ನೋಡಲು ಹೊರಟರೆ ಬೆಳಗಿನ ಇಡ್ಲಿ-ವಡೆ ಅಲ್ಲೇ ಆಗಬೇಕು. ಇಡ್ಲಿ ಮುಗಿಸಿ ಕೈತೊಳೆದು ಬಂದವರು ಗಲ್ಲಾದ ಎದುರು ನಿಂತು, ಮೇಲೆ ತಿನ್ನಲಿಕ್ಕೆ ಏನು ಸಿಗುತ್ತದೆ ಎಂದು ಕೇಳುತ್ತಿದ್ದರು.

ವಸಂತಣ್ಣ ಅದಕ್ಕೇ ಕಾದು ಕುಳಿತವರಂತೆ ಆರ್ಡರ್ ಚೀಟಿಯೊಂದನ್ನು ಹರಿದು, ಅದರ ಹಿಂಬದಿ ಮೇಲೆ ಮಾಡಿ, ಹಾವಿನಂಥ ಗೆರೆ ಎಳೆಯುತ್ತಿದ್ದರು. ಸರಳಗಾಂವ್ ಬಳಿ ಆಲದ ಮರದ ಕೆಳಗೆ ಮೊಳಕೆಕಾಳಿನ ಖಾರದ ಮಿಸಳ. ಟೋಕಾವಡೆ ಬಿಟ್ಟ ಮೇಲೆ ಕೆಂಡದಲ್ಲಿ ಸುಟ್ಟ ಜೋಳ. ಕಾಂದಾಭಜಿ, ಅಂದರೆ ಈರುಳ್ಳಿ ಬಜ್ಜಿ, ಎಲ್ಲ ತಿರುವಿನಲ್ಲೂ ಇದೆ, ಆದರೆ ಎಣ್ಣೆಯ ಬಣ್ಣ ನೋಡಿಯೇ ಕೈ ಹಾಕಬೇಕು. ಕೊನೆಗೆ ಸಿಹಿಗೆಂದು, ಸುರಂಗ ದಾಟಿದ ಮೇಲೆ ಎರಡನೇ ಗುಡಿಸಲು, ನೀಲಿ ತಾಡಪಾಲು ಹೊದಿಸಿದ್ದು. ಅಲ್ಲಿ ಗಿಣ್ಣು. ಮರಾಠಿಯವರಾದರೆ ಖರ್ವಸ್ ಎಂದು ಹೇಳಿ, ಚೀಟಿಯಲ್ಲಿ ಆ ಗುಡಿಸಲಿಗೆ ಒಂದು ದೊಡ್ಡ ಸೊನ್ನೆ ಸುತ್ತುತ್ತಿದ್ದರು.

ಇಷ್ಟೆಲ್ಲ ಹೇಳುವ ವಸಂತಣ್ಣ ಮಾಳಶೇಜ್ ಘಾಟಿಯನ್ನು ಕಣ್ಣಿಂದ ಕಂಡವರೇ ಅಲ್ಲ.

ಕಾಣುವುದಾದರೂ ಹೇಗೆ? ಊರಿಗೆಲ್ಲ ರಜೆ ಇದ್ದ ದಿನ ಹೋಟೆಲಿನವನಿಗೆ ರಶ್. ವರ್ಷಕ್ಕೊಮ್ಮೆ ಸಿಗುವ ರಜೆ ಹುಟ್ಟೂರು ಶಿರ್ವದ ಮನೆಗೆ ಹೋಗಿಬರುವುದರಲ್ಲಿ ಮುಗಿಯುತ್ತಿತ್ತು. ಆದರೆ ಸಂಜೆ ಹೊತ್ತಿಗೆ ಅದೇ ಗಿರಾಕಿಗಳು ತೊಯ್ದು ತೊಪ್ಪೆಯಾಗಿ ಚಹಕ್ಕೆ ಬಂದು ನಿಲ್ಲುತ್ತಿದ್ದರು. ಒಬ್ಬರು ಬೆಟ್ಟದ ಹೊಟ್ಟೆಯನ್ನೇ ಕೊರೆದು ಮಾಡಿದ ಸುರಂಗದ ಮಾತಾಡಿದರೆ ಇನ್ನೊಬ್ಬರು ಬಸ್ಸಿನ ಮೇಲೆಯೇ ಸುರಿಯುವ ನೀರಿನ ಮಾತಾಡುತ್ತಿದ್ದರು. ನೀಲಿ ತಾಡಪಾಲಿನ ಗುಡಿಸಲಿನಿಂದ ಇಡೀ ಕಣಿವೆ ಕಾಣುತ್ತದೆ ಎಂದವರು ಒಬ್ಬರು, ಗಿಣ್ಣು ತಿಂದೆ ಎಂದವರು ಇನ್ನೊಬ್ಬರು. ಗಲ್ಲಾದಲ್ಲಿ ಕುಳಿತೇ ವಸಂತಣ್ಣ ಬಾಯಿ ತೆರೆದು ಕೇಳುತ್ತಿದ್ದರು. ಯಾರದ್ದು ಯಾವುದು ಎಂಬ ಲೆಕ್ಕ ಅವರ ತಲೆಯಲ್ಲಿ ಉಳಿಯಲಿಲ್ಲ, ಎಲ್ಲ ಸೇರಿ ಒಂದು ಬೆಟ್ಟ ಮಾತ್ರ ಉಳಿಯಿತು.

ಇದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಆದದ್ದು ಎರಡು ಸಾವಿರದ ಎರಡನೇ ಇಸವಿಯ ಮಳೆಗಾಲದಲ್ಲಿ. ಡೊಂಬಿವಲಿ ಕಡೆಯ ಒಬ್ಬ ನಿವೃತ್ತ ಮಾಸ್ತರರು ಚೀಟಿ ಕೈಯಲ್ಲಿ ಹಿಡಿದು, ನೀವು ಆ ಖರ್ವಸ್ ತಿಂದಿದ್ದೀರಾ ಎಂದು ಕೇಳಿಬಿಟ್ಟರು. ವಸಂತಣ್ಣನಿಗೆ ಹದಿನಾರನೇ ವಯಸ್ಸಿನಲ್ಲಿ ಕೆಲಸ ಕಲಿಸಿದ ಭಟ್ಟರು ಒಂದೇ ಪಾಠ ಹೇಳಿದ್ದರು, ನಿನ್ನ ನಾಲಿಗೆಗೆ ತಾಗದ್ದನ್ನು ಗಿರಾಕಿಗೆ ಹೊಗಳಬೇಡ ಎಂದು. ಆ ಪಾಠ ಮೀರಿದ್ದೇನೆಂದು ಗಿರಾಕಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಅವರು, "ಹೂಂ, ತಿಂದಿದ್ದೇನೆ" ಎಂದರು.

ಹೇಗಿರುತ್ತದೆ ಎಂದು ಮಾಸ್ತರರು ಬಿಡದೆ ಕೇಳಿದರು. ಮಾಸ್ತರಿಕೆ ಅಷ್ಟು ಬೇಗ ಬಿಡುತ್ತದೆಯೇ.

ಆಗ ವಸಂತಣ್ಣನ ಬಾಯಿ ತಾನಾಗಿ ಹೇಳತೊಡಗಿತು. ಸಕ್ಕರೆಯಲ್ಲ, ಬೆಲ್ಲ. ಪಾತ್ರೆಯ ಅಡಿಗೆ ಅರಿಶಿನದ ಎಲೆ ಹಾಸಿ ಹಬೆಯಲ್ಲಿ ಬೇಯಿಸಿದ್ದು. ಮುಚ್ಚಳ ತೆಗೆದರೆ ಮೊದಲು ಎಲೆಯ ಪರಿಮಳ, ಆಮೇಲೆ ಬೆಲ್ಲದ್ದು, ನುಂಗುವಾಗ ಗಂಟಲಲ್ಲಿ ಜಜ್ಜಿದ ಕಾಳುಮೆಣಸಿನ ಸಣ್ಣ ಖಾರ. ಪಕ್ಕದಲ್ಲಿ ನಿಂತಿದ್ದ ಮಾಸ್ತರರ ಹೆಂಡತಿ ಎಂಜಲು ನುಂಗಿಕೊಂಡರು. ಅವರು ಹೋದ ಮೇಲೆ ವಸಂತಣ್ಣನಿಗೆ ತಾನು ಹೇಳಿದ್ದು ಯಾವ ಗಿಣ್ಣು ಎಂದು ಹೊಳೆಯಿತು. ಅದು ಅಮ್ಮನದ್ದು. ಕೊಟ್ಟಿಗೆಯಲ್ಲಿ ದನ ಕರು ಹಾಕಿದರೆ ಅಮ್ಮ ಉಮಾವತಿ ಮಾಡುತ್ತಿದ್ದ ಗಿಣ್ಣು. ಅಮ್ಮ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ಹೆಂಡತಿ ಹರಿಣಾಕ್ಷಿಯ ತವರಿನಲ್ಲಿ ಗಿಣ್ಣಿಗೆ ಏಲಕ್ಕಿ ಹಾಕುವ ಕ್ರಮ. ಅವಳು ಕಲ್ಯಾಣದ ಫ್ಲ್ಯಾಟಿನಲ್ಲಿ ಎಮ್ಮೆ ಸಾಕುವ ತಬೇಲೆಯವರ ಗಿಣ್ಣುಹಾಲು ತಂದು ಮಾಡಿದಾಗಲೆಲ್ಲ ವಸಂತಣ್ಣ ಚೆನ್ನಾಗಿದೆ ಎಂದು ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದರು, ಮತ್ತೇನೂ ಹೇಳುತ್ತಿರಲಿಲ್ಲ.

ಆ ವರ್ಷ ಕೆಲವು ಗಿರಾಕಿಗಳು ಸಂಜೆ ಬಂದು, ಎಲ್ಲಿದೆ ನಿಮ್ಮ ಖರ್ವಸ್, ಆ ಗುಡಿಸಲಿನ ಹೆಂಗಸು ಬೈದು ಕಳಿಸಿದಳು ಎಂದು ದೂರಿದರು. ವಸಂತಣ್ಣನ ಬಾಯಿ ಸೋಲಲಿಲ್ಲ. ಎಮ್ಮೆ ಕರು ಹಾಕಿರಲಿಕ್ಕಿಲ್ಲ, ಅದೇನು ದಿನಾ ಸಿಗುವ ವಸ್ತುವೇ ಎಂದರು. ಮರುವರ್ಷ ದೂರು ಕಡಿಮೆಯಾಯಿತು. ಅದರ ಮರುವರ್ಷ ನೇರುಳಿನ ಕುಟುಂಬವೊಂದು ಬಂದು, ನೀವು ಹೇಳಿದ ಹಾಗೆಯೇ ಇತ್ತು ಮ್ಯಾನೇಜರ್, ಎಲೆ, ಮೆಣಸು ಎಲ್ಲ, ಎಂದು ಕೈಕುಲುಕಿ ಹೋಯಿತು. ವಸಂತಣ್ಣ ಅವರು ಕುಲುಕಿದ ತನ್ನ ಕೈಯನ್ನೇ ನೋಡಿಕೊಂಡರು. ಜನ ದಾಕ್ಷಿಣ್ಯಕ್ಕೆ ಏನು ಬೇಕಾದರೂ ಹೇಳುತ್ತಾರೆ ಎಂದು ಕೊನೆಗೆ ಸಮಾಧಾನ ಮಾಡಿಕೊಂಡರು.

ಗಿರಾಕಿಗಳ ಮುಂದಿನ ಸುಳ್ಳು ಒಂದು ಪಾಲಾದರೆ, ಮನೆಯಲ್ಲಿ ಮಗಳಿದ್ದಳು. ನಿಕಿತಾ ಪುಟ್ಟವಳಿದ್ದಾಗ ಊಟ ಮಾಡಿಸುವ ತುತ್ತುತುತ್ತಿಗೂ ಮಾಳಶೇಜ್ ಕತೆ ಬೇಕಿತ್ತು. ಅಪ್ಪ ತಾನು ಹುಟ್ಟುವ ಮೊದಲೇ ಆ ಬೆಟ್ಟ ಸುತ್ತಿ ಬಂದವರು ಎಂದು ಅವಳು ನಂಬಿದ್ದಳು, ಶಾಲೆಯಲ್ಲಿ ಗೆಳತಿಯರಿಗೂ ಹೇಳಿದ್ದಳು. ಇಲ್ಲ ಮಗಳೇ, ಅವೆಲ್ಲ ಗಿರಾಕಿಗಳ ಕತೆ ಎಂದು ಹೇಳಲು ವಸಂತಣ್ಣನಿಗೆ ಒಂದಲ್ಲ ಒಂದು ದಿನ ಬಾಯಿ ಬರುತ್ತಿತ್ತೇನೋ. ಆ ದಿನ ಬರುವ ಮೊದಲು ಅವಳು ಕಾಲೇಜು ಸೇರಿಬಿಟ್ಟಳು.

ಎರಡು ಸಾವಿರದ ಹದಿಮೂರರ ಆಗಸ್ಟಿನಲ್ಲಿ ಹೋಟೆಲಿನ ಎದುರು ಪೈಪು ಹಾಕಲೆಂದು ರಸ್ತೆ ಅಗೆದು, ಒಂದು ವಾರ ಬಾಗಿಲು ಮುಚ್ಚಬೇಕಾಯಿತು. ಸುದ್ದಿ ಕಲ್ಯಾಣದ ಕನ್ನಡ ಸಂಘಕ್ಕೆ ಮುಟ್ಟಿತು. ಸಂಘದ ಕಾರ್ಯದರ್ಶಿ, ಕಲಬುರಗಿ ಕಡೆಯ ಅಂಬಾರಾಯ, ರೈಲ್ವೆಯಲ್ಲಿದ್ದವರು, ಅದೇ ಸಂಜೆ ಮನೆಗೆ ಬಂದರು. ಸಂಘದ ಪಿಕ್‌ನಿಕ್ ಮಾಳಶೇಜ್‌ಗೆ, ಬಸ್ಸು ಗೊತ್ತುಮಾಡಿಯಾಗಿದೆ, ನಲವತ್ತು ಜನ ಎಂದು ಹೇಳಿ, "ನೀವ ಮುಂದ ಕೂಡ್ರಬೇಕ್ ನೋಡ್ರಿ ವಸಂತಣ್ಣ. ನೀವು ಇದ್ದಮ್ಯಾಲ ನಮಗ ತಿನ್ನೂದರ ಚಿಂತಿ ಯಾಕ" ಎಂದರು. ಒಳಗಿನಿಂದ ನಿಕಿತಾ ಕುಣಿದುಕೊಂಡೇ ಬಂದಳು. ವಸಂತಣ್ಣನಿಗೆ ಹೊಟ್ಟೆನೋವು ಎಂದು ಹೇಳುವಷ್ಟೂ ಅವಕಾಶ ಸಿಗಲಿಲ್ಲ.

ಭಾನುವಾರ ಬಸ್ಸು ಶಹಾಡ್ ಸೇತುವೆ ದಾಟಿದಾಗ ಅವರು ಡ್ರೈವರಿನ ಪಕ್ಕದಲ್ಲಿ ಕುಳಿತು, ಮುಚ್ಚಿದ ತನ್ನ ಹೋಟೆಲನ್ನು ಆಸೆಯಿಂದ ನೋಡಿದರು. ಸಂಘದವರು ನಕ್ಕರೆ ನಗಲಿ, ನಾಲ್ಕು ದಿನದಲ್ಲಿ ಮರೆಯುತ್ತಾರೆ. ಆದರೆ ಹಿಂದಿನ ಸೀಟಿನಲ್ಲಿ ಹರಿಣಾಕ್ಷಿಯ ಜೊತೆ ಮಗಳಿದ್ದಳು. "ಪಪ್ಪಾ, ವೋ ಬ್ಲೂ ವಾಲಾ ಝೋಪಡಾ ಅಭೀ ಭೀ ಹೋಗಾ ನಾ?" ಎಂದು ಅವಳು ಎರಡು ಸಲ ಹಿಂದಿಯಲ್ಲಿ ಕೇಳಿದ್ದಳು, ಆ ನೀಲಿ ಗುಡಿಸಲು ಈಗಲೂ ಇರುತ್ತದಲ್ಲ ಎಂದು. ಅಲ್ಲಿ ಏನೂ ಇರದಿದ್ದರೆ ಆ ಹುಡುಗಿಯ ಮುಖ ಹೇಗಾಗುತ್ತದೆ ಎಂಬುದೊಂದೇ ಅವರ ಕಣ್ಣ ಮುಂದೆ ಇತ್ತು.

ಸರಳಗಾಂವ್‌ನಲ್ಲಿ ಆಲದ ಮರ ಇತ್ತು. ಮರದ ಕೆಳಗೆ ಮಿಸಳವೂ ಇತ್ತು. ಅಂಬಾರಾಯರು ಎರಡು ಪ್ಲೇಟ್ ಹೊಡೆದು ವಸಂತಣ್ಣನ ಬೆನ್ನು ತಟ್ಟಿದರು. ಟೋಕಾವಡೆ ಬಿಟ್ಟ ಮೇಲೆ ಜೋಳವೂ ಸಿಕ್ಕಿತು. ವಸಂತಣ್ಣ ಜೋಳ ಕೈಯಲ್ಲಿ ಹಿಡಿದು, ಇದು ನಿಜವಾಗಿಯೂ ಇದೆಯಲ್ಲ ಎಂದು ತಿರುಗಿಸಿ ತಿರುಗಿಸಿ ನೋಡಿದರು.

ಆಮೇಲೆ ಘಾಟಿ ಶುರುವಾಯಿತು, ಮತ್ತು ವಸಂತಣ್ಣನ ಭಯ ಎಲ್ಲಿ ಹೋಯಿತೋ. ಎಡಗಡೆ ಕರಿಬಂಡೆಯ ಗೋಡೆ ಮೋಡದೊಳಗೆ ಹೋಗಿ ಮಾಯವಾಗುತ್ತಿತ್ತು. ಅದರ ಉದ್ದಕ್ಕೂ ನೀರು, ಎಣಿಸಲಿಕ್ಕೆ ಹೋದರೆ ತಪ್ಪುವಷ್ಟು ಕಡೆಯಿಂದ ನೀರು. ಬಲಗಡೆ ನೆಲವೇ ಇರಲಿಲ್ಲ, ಕೆಳಗೂ ಮೋಡ. ಗಾಳಿ ಬೀಸಿದಾಗ ಮೋಡ ಹರಿದು, ಬಹಳ ಆಳದಲ್ಲಿ ಅಂಗೈ ಅಗಲದ ಹಸಿರು ಗದ್ದೆಗಳು ಕಂಡು ಮತ್ತೆ ಮುಚ್ಚಿದವು. ಒಂದು ತಿರುವಿನಲ್ಲಿ ನೀರು ಬಸ್ಸಿನ ನೆತ್ತಿಯ ಮೇಲೇ ದಬದಬ ಸುರಿಯಿತು. ಇಷ್ಟು ವರ್ಷ ಕೇಳಿದ ಕತೆಗಳನ್ನೆಲ್ಲ ಕೂಡಿಸಿದರೂ ಇದರ ಕಾಲುಪಾಲು ಆಗುತ್ತಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ, ಆದರೆ ಯಾರಿಗೂ ಹೇಳಲಿಕ್ಕೆ ಬಂದಿರಲಿಲ್ಲ. ವಸಂತಣ್ಣ ತನಗೇ ಗೊತ್ತಿಲ್ಲದೆ ಕೈ ಮುಗಿದುಬಿಟ್ಟಿದ್ದರು. ಇಲ್ಲಿಗೆ ಹತ್ತಾರು ಸಲ ಬಂದವರೂ ಹೀಗೆ ಕೈಮುಗಿಯುತ್ತಾರಲ್ಲ ಎಂದು ಅಂಬಾರಾಯರಿಗೆ ಅವರ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು.

ಸುರಂಗ ಬಂತು. ಕತ್ತಲೆ ಮುಗಿದು ಬೆಳಕು ಬಂತು. ಮೊದಲನೇ ಗುಡಿಸಲು ಚಿಪ್ಸ್‌ನದ್ದು. ಎರಡನೆಯದಕ್ಕೆ ನೀಲಿ ತಾಡಪಾಲು.

ವಸಂತಣ್ಣ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಬಸ್ಸಿನಿಂದ ಇಳಿದರು. ಗುಡಿಸಲಿನ ಎದುರು ಕಪ್ಪುಹಲಗೆಯೊಂದನ್ನು ಆನಿಸಿ ಇಟ್ಟಿದ್ದರು. ಅದರ ಮೇಲೆ ಮರಾಠಿಯಲ್ಲಿ ಬರೆದದ್ದನ್ನು ನಿಕಿತಾ ಓದಿದಳು: ಖರ್ವಸ್, ಕಲ್ಯಾಣ ಪದ್ಧತಿಯದ್ದು. ಕಲ್ಯಾಣದಲ್ಲೇ ಹುಟ್ಟಿ ಬೆಳೆದವಳು ಅಂಥದ್ದೊಂದು ಪದ್ಧತಿಯ ಹೆಸರು ಕೇಳಿರಲಿಲ್ಲ. ಒಲೆಯ ಮುಂದೆ ಐವತ್ತೈದರ ಆಸುಪಾಸಿನ ಹೆಂಗಸು ಕಚ್ಚೆ ಸೀರೆ ಉಟ್ಟು ಕುಳಿತಿದ್ದಳು, ಹೆಸರು ಠಮಾಬಾಯಿ. ಅಂಬಾರಾಯರು ಸುಮ್ಮನಿರುವ ಪೈಕಿಯಲ್ಲ. ಶಹಾಡ್ ಹೋಟೆಲಿನ ಮ್ಯಾನೇಜರ್ ಇವರೇ ಎಂದು ಸಾರಿಬಿಟ್ಟರು.

ಠಮಾಬಾಯಿ ಸೌಟು ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು ಬಂದು ವಸಂತಣ್ಣನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ಮರಾಠಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ನಡೆದದ್ದನ್ನೆಲ್ಲ ಹೇಳಿದಳು. ಆಗ ತಾನು ಮಾರುತ್ತಿದ್ದದ್ದು ಚಹಾ ಮಾತ್ರ. ಒಂದು ಶ್ರಾವಣದಲ್ಲಿ ಕಾರಿನವರು ಬಂದು ಖರ್ವಸ್ ಕೇಳಿದರು. ಇಲ್ಲವೆಂದಳು. ಮರುವಾರ ಮತ್ತೆರಡು ಕಾರು. ಶಹಾಡ್ ಮ್ಯಾನೇಜರ್ ಹೇಳಿದ್ದಾರೆ ಎಂದು ಎಲ್ಲರದ್ದೂ ಒಂದೇ ಪಾಠ. ಆ ಮ್ಯಾನೇಜರನಿಗೆ ತಿಂಗಳುಗಟ್ಟಲೆ ಶಾಪ ಹಾಕಿದಳಂತೆ. ಕೊನೆಗೆ ಪಕ್ಕದ ಮನೆಯ ಎಮ್ಮೆ ಕರು ಹಾಕಿದಾಗ ಸಕ್ಕರೆ, ಜಾಯಿಕಾಯಿ ಹಾಕಿ ಮಾಡಿಟ್ಟಳು. ಬಂದವರು ತಿಂದು, ಮ್ಯಾನೇಜರ್ ಹೇಳಿದ್ದು ಇದಲ್ಲ, ಬೆಲ್ಲ ಎಲ್ಲಿ, ಮೆಣಸು ಎಲ್ಲಿ, ಅರಿಶಿನದ ಎಲೆ ಎಲ್ಲಿ ಎಂದರು. ಸಿಹಿಗೆ ಮೆಣಸು ಹಾಕುವ ಮನುಷ್ಯನ ತಲೆ ಕೆಟ್ಟಿರಬೇಕು ಎಂದುಕೊಂಡೇ ಒಮ್ಮೆ ಹಾಕಿ ನೋಡಿದಳು.

ಈಗ ಅವಳ ಪುಟ್ಟ ಹಳ್ಳಿಯ ಹದಿನಾಲ್ಕು ಮನೆಯವರು, ಕರು ಕುಡಿದು ಉಳಿದ ಮೊದಲ ಹಾಲನ್ನು ಇಲ್ಲಿಗೇ ಕೊಡುತ್ತಾರೆ. ಗುಡಿಸಲಿನ ಹಿಂದೆ ಅರಿಶಿನ ನೆಟ್ಟಿದ್ದಾಳೆ. ಇಬ್ಬರು ಸೊಸೆಯಂದಿರೂ ಇದೇ ಕೆಲಸಕ್ಕೆ ನಿಂತಿದ್ದಾರೆ. ಬೇಸಿಗೆ ಬಂದರೆ ಮಕ್ಕಳುಮರಿ ಕಟ್ಟಿಕೊಂಡು ಇಟ್ಟಿಗೆ ಭಟ್ಟಿಯ ಕೂಲಿಗೆ ಹೋಗುತ್ತಿದ್ದ ಮನೆ ಎಂಟು ವರ್ಷದಿಂದ ಊರು ಬಿಟ್ಟಿಲ್ಲ. ಇಷ್ಟು ಹೇಳಿ ಅವಳು ಎದ್ದು, ಅಲ್ಯೂಮಿನಿಯಂ ಡಬರಿಯ ಮುಚ್ಚಳ ತೆಗೆದು, ಒಂದು ತುಂಡು ಕೊಯ್ದು ಸ್ಟೀಲಿನ ತಟ್ಟೆಯಲ್ಲಿಟ್ಟು ತಂದಳು.

ಮೊದಲು ಎಲೆಯ ಪರಿಮಳ ಬಂತು. ವಸಂತಣ್ಣ ಒಂದು ತುಣುಕು ಬಾಯಿಗಿಟ್ಟರು. ಬೆಲ್ಲ. ನುಂಗುವಾಗ ಗಂಟಲಲ್ಲಿ ಮೆಣಸು. ಹದಿನೈದು ವರ್ಷದ ಹಿಂದೆ ಶಿರ್ವದ ಅಡುಗೆಮನೆಯಲ್ಲಿ ಮುಗಿದುಹೋಗಿದ್ದದ್ದು, ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಬಿಟ್ಟದ್ದು, ಗುರುತಿಲ್ಲದ ಬೆಟ್ಟದ ಮೇಲೆ, ಗುರುತಿಲ್ಲದ ಕೈಯಿಂದ ಬಂದು ನಾಲಿಗೆಯ ಮೇಲೆ ಕುಳಿತಿತ್ತು. ಎದುರಿನ ಕಣಿವೆಗಿಂತ ದೊಡ್ಡ ಆಶ್ಚರ್ಯ ಅವರಿಗೆ ಈ ತಟ್ಟೆಯಲ್ಲಿತ್ತು. ನಲವತ್ತು ಜನರ ಮುಂದೆ ಅವರು ಅಳತೊಡಗಿದರು, ಮತ್ತು ಅಳುತ್ತಿರುವುದಕ್ಕೆ ನಾಚಿಕೆಯಾಗಲಿಲ್ಲ.

ಬಾಯಿಯಲ್ಲಿ ಅದು ಇರುವಾಗ ಸುಳ್ಳನ್ನೂ ಇಟ್ಟುಕೊಳ್ಳಲು ಅವರಿಂದ ಆಗಲಿಲ್ಲ. ಮಗಳನ್ನು ಹತ್ತಿರ ಕರೆದು, "ನಿಕಿತಾ, ನಾನು ಇಲ್ಲಿಗೆ ಬಂದದ್ದು ಇವತ್ತೇ ಮೊದಲು. ಇಷ್ಟು ವರ್ಷ ಹೇಳಿದ್ದೆಲ್ಲ ಬೇರೆಯವರು ನೋಡಿದ್ದು. ಈ ಗಿಣ್ಣು ಮಾತ್ರ ನನ್ನದು, ಅದೂ ಇಲ್ಲಿಯದ್ದಲ್ಲ" ಎಂದರು. ಅದನ್ನೇ ಠಮಾಬಾಯಿಗೆ ಮರಾಠಿಯಲ್ಲಿ ಹೇಳಿದರು. ಅಂಬಾರಾಯರ ಕೈಯ ಚಹಾ ಬಾಯಿಗೆ ಹೋಗದೆ ನಡುವೆ ನಿಂತಿತು.

ಠಮಾಬಾಯಿ ನಕ್ಕಳು. "ಗೊತ್ತಿತ್ತು ನನಗೆ. ನೀವು ಬಂದು ನೋಡಿದ್ದಿದ್ದರೆ ಇಲ್ಲಿ ಏನೂ ಇರಲಿಲ್ಲ. ಆಮೇಲೆ ಯಾರನ್ನು ಕಳಿಸುತ್ತಿದ್ದಿರಿ ನೀವು?"

ನಿಕಿತಾ ಅಪ್ಪನ ಮುಖ ನೋಡಿದಳು, ತಟ್ಟೆ ನೋಡಿದಳು. ಅವರ ಪಕ್ಕದಲ್ಲೇ ಒತ್ತಿಕೊಂಡು ಕುಳಿತು, ಅದೇ ಚಮಚದಿಂದ ಒಂದು ತುಣುಕು ತೆಗೆದು ತಿಂದಳು. ಹರಿಣಾಕ್ಷಿಯೂ ತಿಂದಳು. ಮದುವೆಯಾದ ಹೊಸದರಲ್ಲಿ ಅತ್ತೆಯ ಕೈಯ ಗಿಣ್ಣು ತಿಂದದ್ದು ಅವಳಿಗೆ ನೆನಪಿತ್ತು. "ಇದು ಅತ್ತೆಯದ್ದೇ ಅಲ್ವಾ" ಎಂದು ಮೆಲ್ಲಗೆ ಹೇಳಿ, "ಒಂದು ಮಾತು ಹೇಳಿದ್ರೆ ಎಂತ ಆಗ್ತಿತ್ತು ನಿಮ್ಗೆ? ಇಷ್ಟು ವರ್ಷ ನಾನು ಸುಮ್ಮನೆ ಏಲಕ್ಕಿ ಹಾಕಿದೆ" ಎಂದಳು. ಸಿಟ್ಟಿನಲ್ಲೇ ಅವರ ಕಣ್ಣು ಒರೆಸಲು ಕರವಸ್ತ್ರ ಕೊಟ್ಟಳು.

ಹೊರಡುವ ಮುಂಚೆ ಠಮಾಬಾಯಿ ಒಂದೇ ಪ್ರಶ್ನೆ ಕೇಳಿದಳು. ಮೆಣಸು, ಅರಿಶಿನದ ಎಲೆ ಹಾಕುವ ಕ್ರಮ ಯಾರ ಕೈಯದ್ದು, ಅವರ ಹೆಸರೇನು? ವಸಂತಣ್ಣ ಹೇಳಿದರು. ಅವಳು ಆ ಹೆಸರನ್ನು ಎರಡು ಸಲ ತನ್ನಷ್ಟಕ್ಕೆ ಹೇಳಿಕೊಂಡು, ಒಳಗಿದ್ದ ಸೊಸೆಯಂದಿರಿಗೂ ಕೂಗಿ ಹೇಳಿದಳು.

ಮರುವರ್ಷದ ಮಳೆಗಾಲದಲ್ಲಿ ಘಣಸೋಲಿಯಿಂದ ಹೋಗಿದ್ದ ಗಂಡ-ಹೆಂಡತಿ ಸಂಜೆ ಒದ್ದೆ ಬಟ್ಟೆಯಲ್ಲೇ ಚಹಕ್ಕೆ ಬಂದರು. ಸುರಂಗ ದಾಟಿದ ಮೇಲೆ ಒಂದು ಗುಡಿಸಲಿನಲ್ಲಿ ಖರ್ವಸ್ ತಿಂದೆವು, ಹಲಗೆಯ ಮೇಲೆ ಉಮಾವತಿಯ ಖರ್ವಸ್ ಎಂದು ಬರೆದಿದೆ ಎಂದರು. ಉಮಾವತಿ ಯಾರು ಎಂದು ಕೇಳಿದರೆ ಗುಡಿಸಲಿನವರು, ಇಳಿದು ಹೋಗುವಾಗ ಶಹಾಡ್‌ನ ಮ್ಯಾನೇಜರನ್ನು ಕೇಳಿ ಎಂದರಂತೆ.

"ನನ್ನ ಅಮ್ಮ" ಎಂದರು ವಸಂತಣ್ಣ.

ಆ ಹೆಂಗಸು ಬೆರಗಿನಿಂದ, ಹಾಗಾದರೆ ನೀವೂ ಅದನ್ನು ತಿಂದಿದ್ದೀರಾ ಎಂದು ಕೇಳಿದಳು.

"ಹೂಂ, ತಿಂದಿದ್ದೇನೆ."